ಅರ್ಧ ಹೆಜ್ಜೆ ಎಡಕ್ಕೆ

4 ನವೆಂಬರ್ 2024, ಬೆಳಿಗ್ಗೆ 8.30

ಹದಿನಾರು ಹುಡುಗಿಯರಲ್ಲಿ ಒಂಬತ್ತು ಮಂದಿ ಬಂದರು. ದೀಪಾವಳಿ ಹೋಳಿಗೆ ಇನ್ನೂ ಅರಗಿಲ್ಲ. ಎಂಟು ರೌಂಡ್ ಓಡಿಸಿದೆ. ಅರಗಿತು. ಗೋಲಿನ ಬಲೆ ಮತ್ತೆ ಹರಿದಿದೆ. ಹೊಸದು ತರಿಸ್ತೀನಿ ಅಂತ ಓಬಳೇಶಪ್ಪ ಹೇಳಿ ಮೂರು ತಿಂಗಳಾಯಿತು. ನಮ್ಮ ವೇದಾವತಿ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ಮಾರಿಕಣಿವೆ ಡ್ಯಾಮಿನಲ್ಲಿ ತೂಬು ಎತ್ತಿ ಇಳಿಸಿ ರಿಟೈರ್ ಆದ ಮನುಷ್ಯ. ನೀರು ನಿಲ್ಲಿಸೋದು ಗೊತ್ತಿತ್ತು, ಮಾತು ನಿಲ್ಲಿಸೋದು ಮಾತ್ರ ಕಲಿಯಲಿಲ್ಲ.

ಕೊನೆಗೆ ಮುಕ್ಕಾಲು ಗಂಟೆ ಕೀಪರ್ ಜೊತೆ. ಬೃಂದಾ. ಮಾಡದಕೆರೆಯವಳು. ಹಿರಿಯೂರಲ್ಲಿ ಬಿ.ಕಾಂ. ಕೊನೇ ವರ್ಷ, ಹಾಸ್ಟೆಲ್ ವಾಸ. ಐದಡಿ ಎಂಟಿಂಚು, ಉದ್ದ ಕೈ. ಹದಿನಾಲ್ಕು ವರ್ಷದ ಕೋಚಿಂಗಿನಲ್ಲಿ ಇಂಥ ಕೈ ನೋಡಿಲ್ಲ. ಇದನ್ನ ಅವಳ ಮುಂದೆ ಹೇಳಿಲ್ಲ, ಹೇಳೋದೂ ಇಲ್ಲ.

ಒಂದೇ ಕೆಟ್ಟ ಚಾಳಿ. ಗೋಲಿನ ನಟ್ಟನಡುವಿಂದ ಪೆನಾಲ್ಟಿ ಚುಕ್ಕಿ ಕಡೆಗೆ ಹಿಮ್ಮಡಿಯಲ್ಲಿ ಗೆರೆ ಎಳೆದು ಕೊಡುತ್ತೇನೆ, ಆರು ಅಡಿ ಉದ್ದ. ಗೆರೆ ಮೇಲೆ ನಿಂತರೆ ಎರಡೂ ಕಂಬ ಎಷ್ಟು ದೂರ ಅಂತ ತಿರುಗಿ ನೋಡಬೇಕಿಲ್ಲ. ನಾನು ಆಡಿದ ಹದಿನೇಳು ವರ್ಷವೂ ಮೊದಲು ಗೆರೆ, ಆಮೇಲೆ ಆಟ. ಇವಳು ಗೆರೆ ಬಿಟ್ಟು ಅರ್ಧ ಹೆಜ್ಜೆ ಎಡಕ್ಕೆ ನಿಲ್ಲುತ್ತಾಳೆ. ಬೈದರೆ ಬರುತ್ತಾಳೆ. ಬೆನ್ನು ತಿರುಗಿಸಿದರೆ ಮತ್ತೆ ಅಲ್ಲೇ.

ಬಿಟ್ಟದ್ದು: ಇಪ್ಪತ್ತು ಹೊಡೆತಕ್ಕೆ ಎರಡು. ಎರಡೂ ಬಲಮೂಲೆ. ಎಡಕ್ಕೆ ಸರಿದು ನಿಂತರೆ ಬಲಗಡೆ ಬಾಗಿಲು ತೆರೆದಿಟ್ಟ ಹಾಗೆ. ಇಷ್ಟೂ ತಿಳಿಯಲ್ವ?

7 ನವೆಂಬರ್

ಹೇಮಾವತಿ ಕಸ ಗುಡಿಸುವಾಗ ಈ ಪುಸ್ತಕ ತೆರೆದು ನೋಡಿದಳಂತೆ. "ರೀ, ಮದುವೆ ಆದಾಗಿಂದ ಬರೀತಾನೇ ಇದೀರ. ಒಂದಿನಾನೂ ಗೆದ್ದೆ ಅಂತ ಬರ್ದಿಲ್ವಲ್ಲ."

ಬರೆಯೋದಿಲ್ಲ. ಮೊದಲ ಕ್ಯಾಂಪಿನಲ್ಲಿ ನಮ್ಮ ಕೋಚ್ ಹೇಳಿಕೊಟ್ಟದ್ದು ಇದೊಂದೇ. ಕೀಪರ್ ತಡೆದದ್ದನ್ನ ಜನ ಬರೀತಾರೆ, ಪೇಪರಿನವರು ಬರೀತಾರೆ. ನೀನು ಬಿಟ್ಟದ್ದನ್ನ ಬರಿ. ಯಾವ ಕಡೆ, ಯಾಕೆ. ಏನೂ ಬಿಡದ ದಿನ ಆ ಸಾಲು ಖಾಲಿ ಇರಲಿ. "ಇಲ್ಲ" ಅಂತ ಕೂಡ ಬರೀಬೇಡ, ಜಂಬ ಬರುತ್ತೆ.

ಹೇಮಾವತಿಗೆ ಹೇಳಿದೆ. "ಜಂಬ ಕಮ್ಮಿ ಆದಂಗೆ ಕಾಣ್ಲಿಲ್ವಲ್ಲ" ಅಂದು ಹೋದಳು.

10 ನವೆಂಬರ್, ಸಂಜೆ

ಬೃಂದಾ ಮನೆಗೆ ಬಂದಿದ್ದಳು, ನನ್ನ ಹಳೇ ಗ್ಲೌಸ್ ತಗೊಂಡು ಹೋಗೋಕೆ. ಎಲ್ಲರ ಹಾಗೆ ನಡುಮನೆ ಗೋಡೆಯ ಫೋಟೋ ಮುಂದೆ ನಿಂತಳು.

ಆ ಫೋಟೋ. 1992, ತ್ರಿಶೂರು, ರಾಜ್ಯ ತಂಡಕ್ಕೆ ಆಡಿದ ಫೈನಲ್, ಎಂಬತ್ತೆಂಟನೇ ನಿಮಿಷದ ಪೆನಾಲ್ಟಿ. ಗಾಳಿಯಲ್ಲಿ ಅಡ್ಡ ಮಲಗಿದ್ದೇನೆ, ಬಲಗೈ ಬೆರಳ ತುದಿಯಲ್ಲಿ ಚೆಂಡು. ಅದರಿಂದಲೇ ಬ್ಯಾಂಕ್ ಕೆಲಸ, ಅದರಿಂದಲೇ ಚಿತ್ರದುರ್ಗದಲ್ಲಿ ಮೆರವಣಿಗೆ, ಅದರಿಂದಲೇ ಹೇಮಾವತಿಯ ಅಪ್ಪ ಹೆಣ್ಣು ಕೊಟ್ಟದ್ದು. ಹೇಗೆ ಹಿಡಿದ್ರಿ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ. ಒದೆಯುವವನ ನಿಂತ ಕಾಲಿನ ಹೆಬ್ಬೆರಳು ನೋಡ್ತಿದ್ದೆ, ಅದು ಯಾವ ಕಡೆ ತಿರುಗಿತೋ ಆ ಕಡೆ ಹಾರಿದೆ. ಕೊನೇ ಕ್ಷಣದವರೆಗೂ ಕಣ್ಣು ಮಿಟುಕಿಸಬಾರದು. ನನ್ನ ಶಿಷ್ಯರಿಗೆಲ್ಲ ಇದು ಬಾಯಿಪಾಠ.

ಬೃಂದಾ ಮುಖ ಸ್ವಲ್ಪ ಓರೆ ಮಾಡಿಕೊಂಡು ತುಂಬಾ ಹೊತ್ತು ನೋಡಿದಳು.

"ಸಾರ್, ಇದ್ರಾಗೆ ನಿಮ್ ಕಣ್ಣು ಮುಚ್ಚಿದಾವೆ."

ಅಡುಗೆಮನೆಯಲ್ಲಿ ಹೇಮಾವತಿ ನಕ್ಕಳು. ಫೋಟೋ ತೆಗೆಯುವಾಗ ರೆಪ್ಪೆ ಬಿದ್ದಿರುತ್ತೆ ಕಣವ್ವ ಅಂದೆ. ಹ್ಞೂಂ ಸಾರ್ ಅಂದಳು. ಗ್ಲೌಸ್ ತಗೊಂಡು ಹೋದಳು.

ಮೂವತ್ತೆರಡು ವರ್ಷದಲ್ಲಿ ಸಾವಿರ ಜನ ಆ ಫೋಟೋ ನೋಡಿದ್ದಾರೆ. ಎಲ್ಲರೂ ಕೈ ನೋಡುತ್ತಾರೆ, ಚೆಂಡು ನೋಡುತ್ತಾರೆ. ಇವಳೊಬ್ಬಳೇ ಕಣ್ಣು ನೋಡಿದ್ದು. ಸಿಟ್ಟು ಬಂತು.

17 ನವೆಂಬರ್, ಹೊಳಲ್ಕೆರೆಯಿಂದ ವಾಪಸ್

2–1.

ಬಿಟ್ಟದ್ದು: ಒಂದು. ಬಲಗಡೆ, ಕಂಬದ ಪಕ್ಕ. ಗೆರೆ ಮೇಲೆ ನಿಂತಿದ್ದರೆ ಕೈಗೆ ಸಿಗುತ್ತಿತ್ತು.

ಬಸ್ಸಿನಲ್ಲಿ ಕಿಟಕಿ ಸೀಟಿಗೆ ಬೃಂದಾ, ಕಾವ್ಯಶ್ರೀ ಜಗಳ. ಕಾವ್ಯಶ್ರೀ ನಮ್ಮ ಸೆಂಟರ್ ಬ್ಯಾಕ್, ಕ್ಯಾಪ್ಟನ್. "ಯಾವಾಗ್ಲೂ ಎಡಗಡೆ ಕಿಟಕಿ ಇವಳಿಗೇ ಬೇಕು ಸಾರ್, ಇವರಪ್ಪ ಬಸ್ ಕೊಡ್ಸಿದಾನೇನೋ ಅನ್ನಂಗೆ." ಇಬ್ಬರಿಗೂ ಬೈದೆ. ಬೃಂದಾಗೆ ಇನ್ನೊಂದು ಮಾತೂ ಹೇಳಿದೆ. ಇನ್ನು ಮೇಲೆ ಗೆರೆ ಮೇಲೆ ನಿಲ್ಲಬೇಕು, ಇಲ್ಲ ಅಂದ್ರೆ ಬೆಂಚ್ ಮೇಲೆ ಕೂರಬೇಕು. ಎರಡರಲ್ಲಿ ಯಾವುದು?

"ಗೆರೆ ಸಾರ್" ಅಂದಳು, ಕಿಟಕಿ ಆಚೆ ನೋಡುತ್ತಾ.

1 ಡಿಸೆಂಬರ್, ಹೊಸದುರ್ಗ

0–3.

ಬಿಟ್ಟದ್ದು: ಮೂರು. ಮೂರೂ ಎಡಗಡೆ. ಒಂದಂತೂ ಉರುಳಿಕೊಂಡು ಬಂದದ್ದು. ಮಕ್ಕಳು ಹಿಡಿಯೋ ಚೆಂಡು. ಇವಳು ಗೆರೆ ಮೇಲೆ ಕಂಬದ ಹಾಗೆ ನಿಂತಿದ್ದಳು. ಚೆಂಡು ಪಕ್ಕಕ್ಕೆ ಬಂದ ಮೇಲೆ ಬಿದ್ದಳು.

ಹಾಫ್ ಟೈಮಿನಲ್ಲಿ ಕೂಗಾಡಿದೆ. ಎಲ್ಲರ ಮುಂದೆ. "ಕಣ್ಣು ಎಲ್ಲಿಟ್ಟಿದ್ದೀಯೇ? ಊರಲ್ಲಿ ಬಿಟ್ಟು ಬಂದೆಯಾ?" ಬೇಲಿ ಆಚೆ ಬಿಳಿ ಟವಲಿನ ಮನುಷ್ಯ ತಲೆ ತಗ್ಗಿಸಿದ. ಅವಳ ಅಪ್ಪ ಮೂರ್ತಪ್ಪ ಅಂತ ಆಮೇಲೆ ಗೊತ್ತಾಯಿತು. ಗಾರೆ ಕೆಲಸದವನು. ಮಾಡದಕೆರೆಯಿಂದ ಮೊದಲ ಸಲ ಮಗಳ ಆಟ ನೋಡೋಕೆ ಬಂದಿದ್ದನಂತೆ.

ಬಸ್ಸಿನಲ್ಲಿ ಕಾವ್ಯಶ್ರೀ ತಾನಾಗಿ ಬೃಂದಾಗೆ ಕಿಟಕಿ ಸೀಟು ಬಿಟ್ಟುಕೊಟ್ಟಳು.

8 ಡಿಸೆಂಬರ್, ಜೋಗಿಮಟ್ಟಿ

ಬೆಟ್ಟ ಹತ್ತಿಸಿದೆ, ಸೋತ ಕಾಲಿಗೆ ಒಳ್ಳೆಯದು. ನಾನು ಹಿಂದೆ, ಮಂಡಿ ಹಿಡಿದುಕೊಂಡು. ನನ್ನ ಮುಂದೆ ಬೃಂದಾ. ದಾರಿಯ ಎಡಕ್ಕೆ ಒಂದು ಮುಳ್ಳಿನ ಟೊಂಗೆ ಮುಖದ ಎತ್ತರಕ್ಕೆ ಚಾಚಿತ್ತು. ಎಲ್ಲ ಹುಡುಗಿಯರೂ ತಗ್ಗಿ ದಾಟಿದರು. ಇವಳು ನೇರ ನಡೆದು ಹೋಗಿ ಹೊಡೆಸಿಕೊಂಡಳು. ಕೆನ್ನೆ ಗೀರಿ ರಕ್ತ.

ಮೇಲೆ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಹೋಗಿ ಅವಳ ಎಡಗಡೆ ಕೂತು ಮಂಡಕ್ಕಿ ಪೊಟ್ಟಣ ಚಾಚಿದೆ. ತಗೊಳ್ಳಲಿಲ್ಲ. ಕಾವ್ಯಶ್ರೀ ಜೊತೆ ಮಾತು ಮುಂದುವರಿಸಿದಳು. ಒಂದು ಕಿತ್ತಳೆ ಎತ್ತಿ ಮೆಲ್ಲಗೆ ಎಸೆದೆ. ಭುಜಕ್ಕೆ ತಾಗಿ ಉರುಳಿತು. ಬೆಚ್ಚಿಬಿದ್ದಳು. ಎದ್ದು ಬಲಗಡೆ ಹೋಗಿ ಇನ್ನೊಂದು ಎಸೆದೆ, ಜೋರಾಗಿ. ತಿರುಗದೆ ಒಂದೇ ಕೈಯಲ್ಲಿ ಹಿಡಿದಳು.

ಹಿಡಿದ ಮೇಲೆ ನನ್ನ ಮುಖ ನೋಡಿದಳು. ನನಗೆ ಗೊತ್ತಾಯಿತು ಅಂತ ಅವಳಿಗೆ ಗೊತ್ತಾಯಿತು.

ಇಳಿಯುವಾಗ ಅವಳ ಎಡಗಡೆ ನಡೆದೆ.

9 ಡಿಸೆಂಬರ್

ಪ್ರಾಕ್ಟೀಸ್ ಮುಗಿದ ಮೇಲೆ ಗೋಲ್ ಕಂಬದ ಹತ್ತಿರ ನಿಲ್ಲಿಸಿಕೊಂಡು ಕೇಳಿದೆ.

"ಯಾವಾಗಿಂದ?"

"ಮೂರನೇ ಕ್ಲಾಸಿಂದ ಸಾರ್. ಚಿಣ್ಣಿದಾಂಡು. ಹುಡುಗರು ಆಡ್ತಿದ್ರು. ಚಿಣ್ಣಿ ಹಾರಿ ಬಂತು. ನೋಡಾಕೆ ಕಣ್ಣು ಸರಿ ಐತೆ, ಒಳಗೆ ನರ ಹೋಗೈತಂತೆ."

"ಏನೂ ಕಾಣಲ್ವ?"

"ಬೆಳಕು ಇದ್ರೆ ಬೆಳಕು ಅಂತ ಗೊತ್ತಾಗ್ತೈತೆ. ಅಷ್ಟೆ. ಅಪ್ಪ ಯಾರಿಗೂ ಹೇಳ್ಬ್ಯಾಡ ಅಂದಾನೆ."

ಅರ್ಧ ಹೆಜ್ಜೆ ಯಾಕೆ ಅಂತ ಈಗ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ವಿವರಿಸಿದಳು. ಎಡಗಡೆ ಜಾಗ ಕಡಿಮೆ ಬಿಟ್ಟರೆ ಆ ಕಡೆ ನೋಡೋ ಕೆಲಸ ಕಡಿಮೆ. ಬಿದ್ದು ಕೈ ಚಾಚಿದರೆ ಕಂಬ. ಬಲಗಡೆ ಎಷ್ಟು ಜಾಗ ಇದ್ದರೂ ಕಾಣುತ್ತೆ, ಹಾರುತ್ತಾಳೆ. ಉಳಿದದ್ದು ಕಿವಿಗೆ. ಬೂಟಿಗೆ ಚೆಂಡು ತಾಗೋ ಸದ್ದು. ಎರಡು ವರ್ಷ ಒಬ್ಬಳೇ ಗ್ರೌಂಡಿಗೆ ಬಂದು ಕಂಬ ಮುಟ್ಟಿ ಮುಟ್ಟಿ ಅಳತೆ ಮಾಡಿಕೊಂಡಿದ್ದಾಳೆ. ಆ ಅಳತೆಯನ್ನ ನಾನು ಹಿಮ್ಮಡಿಯಲ್ಲಿ ಅಳಿಸಿದೆ.

1ನೇ ತಾರೀಕಿನ ಬರಹ ತಿದ್ದಬೇಕು. ಹೊಸದುರ್ಗದ ಮೂರು ಗೋಲು ಅವಳು ಬಿಟ್ಟದ್ದಲ್ಲ. ನಾನು ಬಿಟ್ಟದ್ದು. ಕಣ್ಣು ಎಲ್ಲಿಟ್ಟಿದ್ದೀಯೇ ಅಂತ ಆ ಅಪ್ಪನ ಮುಂದೆ ಕೇಳಿದೆನಲ್ಲ... ನಾಚಿಕೆ ಆಗುತ್ತಿದೆ. ಬರೆಯೋಕೂ ನಾಚಿಕೆ.

15 ಡಿಸೆಂಬರ್

ಓಬಳೇಶಪ್ಪ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತಲೇ ಬಂದ. ರಾಜ್ಯ ಮಹಿಳಾ ತಂಡದ ಕ್ಯಾಂಪಿಗೆ ಚಿತ್ರದುರ್ಗ ಸ್ಟೇಡಿಯಮ್ಮಿನಲ್ಲಿ ಟ್ರಯಲ್ಸ್, ಜನವರಿ 19. ಈ ಭಾಗದಿಂದ ಒಬ್ಬಳೇ ಕೀಪರ್ ತಗೋತಾರೆ. ಅವತ್ತು ಸಂಜೆಯೇ ಹಳೇ ಆಟಗಾರರಿಗೆ ಸನ್ಮಾನ. ನನ್ನ ಫೋಟೋ ಫ್ಲೆಕ್ಸ್ ಮಾಡಿಸ್ತಾರಂತೆ, ಹನ್ನೆರಡು ಅಡಿ.

"ನಮ್ ಬೃಂದಾ ಬಿಟ್ರೆ ಯಾರಿದಾರೋ ಜಂಪಣ್ಣ? ಫಾರಂ ತಂದೀನಿ. ಟಿಕ್ ಹಾಕು, ಸೈನ್ ಹಾಕು, ಹೋಗಾಣ."

ಫಾರಂ ಓದಿದೆ. ಕೊನೇ ಪುಟ ಕೋಚ್ ದೃಢೀಕರಣ. ಏಳನೇ ಸಾಲು: ಎರಡೂ ಕಣ್ಣಿನ ದೃಷ್ಟಿ ಸರಿಯಾಗಿದೆ. ಹೌದು, ಇಲ್ಲ. ಸಣ್ಣ ಚೌಕ ಎರಡು.

ಕ್ಯಾಂಪಿಗೆ ಹೋದರೆ ತಂಡ, ತಂಡಕ್ಕೆ ಹೋದರೆ ಕೋಟಾದಲ್ಲಿ ಕೆಲಸ. ನನಗೆ ಸಿಕ್ಕಿದ್ದೆಲ್ಲ ಅವಳಿಗೂ ಸಿಗುತ್ತೆ. ಇನ್ನೊಂದು ಕಡೆ... ಕೀಪರ್ ಅಂದರೆ ಎದುರಾಳಿ ಬೂಟಿನ ಕೆಳಗೆ ಮುಖ ಕೊಡೋ ಕೆಲಸ. ನನ್ನ ಮೂರು ಬೆರಳು ಮುರಿದಿವೆ, ಮೂಗು ಎರಡು ಸಲ. ಕಣ್ಣು ಉಳಿದದ್ದು ಪುಣ್ಯ. ಅವಳಿಗೆ ಬಲಗಣ್ಣಿನ ಮೇಲೆ ಒಂದೇ ಒಂದು ಬೂಟು ಬಿದ್ದರೆ ಸಾಕು. ಆಮೇಲೆ ಟ್ಯೂಬ್‌ಲೈಟ್ ಎಲ್ಲಿದೆ ಅಂತಷ್ಟೇ ಗೊತ್ತಾಗೋದು.

ಫಾರಂ ಇಟ್ಟು ಹೋಗು ಅಂದೆ.

20 ಡಿಸೆಂಬರ್

ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ವಯಸ್ಸಾದ ಹೆಂಗಸು, ಮಾತು ಕಡಿಮೆ. ಎಡಗಣ್ಣು ಬರೋದಿಲ್ಲ. ಬಲಗಣ್ಣು ಚೆನ್ನಾಗಿದೆ, ಅದನ್ನ ಕಾಪಾಡಿಕೊಳ್ಳಬೇಕು. ಆಡಲೇಬಾರದು ಅಂತ ಹೇಳಲಿಲ್ಲ. ಆಟಗಾರರಿಗೆ ಅಂತಲೇ ಒಡೆಯದ ಕನ್ನಡಕ ಬರುತ್ತೆ, ತಲೆ ಹಿಂದೆ ಪಟ್ಟಿ, ಅದಿಲ್ಲದೆ ಗ್ರೌಂಡಿಗೆ ಇಳಿಯಬಾರದು ಅಂದರು. ಅಪಾಯ ಹೋಗುತ್ತಾ ಅಂತ ಕೇಳಿದೆ. "ಕಡ್ಮೆ ಆಗುತ್ತೆ. ಹೋಗಲ್ಲ."

ಬೃಂದಾ ಹೊರಗೆ ಬಂದು, "ಕನ್ನಡಕ ಹಾಕ್ಕಂಡ್ರೆ ಎಲ್ರೂ ಕೇಳ್ತಾರೆ ಸಾರ್" ಅಂದಳು. ಅದೇ ಅವಳ ಚಿಂತೆ.

29 ಡಿಸೆಂಬರ್, ಮಾಡದಕೆರೆ

ಮೂರ್ತಪ್ಪ ಯಾರದೋ ಮನೆ ಗಿಲಾವು ಮಾಡುತ್ತಿದ್ದ. ಕೈ ತೊಳೆದುಕೊಂಡು ಬಂದ. "ಕುಂತ್ಕಳ್ರಿ ಸಾರ್" ಅಂತ ಸಿಮೆಂಟ್ ಚೀಲ ಹಾಸಿದ. ಮೊದಲು ಹೊಸದುರ್ಗದ ದಿನದ್ದು ತಪ್ಪಾಯಿತು ಅಂದೆ. "ಬಿಡ್ರಿ, ಗುರುಗಳು ಬೈಯ್ದೆ ಇನ್ಯಾರು ಬೈತಾರೆ" ಅಂದ. ಅವನೇ ನನ್ನ ಬೈದಿದ್ದರೆ ವಾಸಿ ಇತ್ತು.

ಫಾರಂ ವಿಷಯ ಹೇಳಿದೆ. ಕರಣೆ ತಿರುಗಿಸುತ್ತಾ ಕೂತ.

"ನೀವು ಬಾಯಾಗೆ ಹೇಳಿದ್ರೆ ಬಾಯಾಗೇ ಹೋಗ್ತೈತೆ ಸಾರ್. ಕಾಗದದಾಗೆ ಬರೀಬ್ಯಾಡ್ರಿ. ಕಾಗದ ಊರೆಲ್ಲ ತಿರುಗ್ತೈತೆ. ನಾಳೆ ಅವಳನ್ನ ನೋಡಾಕೆ ಬರೋರಿಗೆ ನಾನೇನ್ ಹೇಳ್ಲಿ?"

"ಇರೋ ಕಣ್ಣಿಗೆ ಏಟು ಬಿದ್ರೆ ಏನ್ ಹೇಳ್ತೀಯ ಮೂರ್ತಪ್ಪ?"

ಟೀ ತರಿಸಿದ. ಕುಡಿದೆವು. ಬಸ್ ಹತ್ತಿಸುವಾಗ ಹೇಳಿದ, "ಅವಳನ್ನೇ ಕೇಳ್ರಿ. ಅವಳ ಕಣ್ಣು."

5 ಜನವರಿ 2025

ಕೇಳಿದೆ.

"ಟಿಕ್ ಹಾಕ್ರಿ ಸಾರ್. ಯಾರೂ ನೋಡಲ್ಲ."

"ಬಲಗಣ್ಣಿಗೆ ಬೂಟು ಬಿದ್ರೆ?"

"ಎಡಗಣ್ಣಿಗೆ ಚಿಣ್ಣಿ ಬಿದ್ದಾಗ ನಾನೇನು ಆಟ ಆಡ್ತಿರ್ಲಿಲ್ಲ ಸಾರ್. ಮನೆ ಮುಂದೆ ಸುಮ್ನೆ ನಿಂತಿದ್ದೆ."

ಸುಳ್ಳಿಗೆ ಸೈನ್ ಹಾಕೋದಿಲ್ಲ ಅಂದೆ. ಕೋಚ್ ಧ್ವನಿಯಲ್ಲಿ. ಅವಳು ಗ್ಲೌಸ್ ಬಿಚ್ಚಿ ನೆಲದ ಮೇಲೆ ಇಟ್ಟಳು. "ನಿಮ್ ಫೋಟೋ ಸಾರ್?"

ಮೂವತ್ತೆರಡು ವರ್ಷದ ಮೇಲೆ ಮೊದಲ ಸಲ ಹೇಳಿದೆ. ಹೇಮಾವತಿಗೂ ಹೇಳಿಲ್ಲ. ಅವತ್ತು ಇಳಿಬಿಸಿಲು ನೇರ ಮುಖಕ್ಕೆ ಇತ್ತು. ಒದೆಯೋಕೆ ಓಡಿ ಬಂದವನು ಬಿಸಿಲಲ್ಲಿ ಮಾಯವಾದ. ಹೆಬ್ಬೆರಳಿರಲಿ, ಅವನ ಕಾಲೇ ಕಾಣಲಿಲ್ಲ. ಹೆದರಿ ಕಣ್ಣು ಮುಚ್ಚಿದೆ. ಧಪ್ ಅಂತ ಸದ್ದು. ಹಾರಿದೆ. ಸದ್ದು ಕೇಳಿ ಹಾರಿದೆನೋ, ಹೆದರಿ ಹಾರಿದೆನೋ ಇವತ್ತಿಗೂ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಎಲ್ಲರೂ ನನ್ನ ಮೇಲೆ ಬಿದ್ದಿದ್ದರು. ಹೆಬ್ಬೆರಳಿನ ಕತೆ ರೈಲಿನಲ್ಲಿ ವಾಪಸ್ ಬರುವಾಗ ಕಟ್ಟಿದ್ದು.

"ಹೆಂಗಿತ್ತು ಸಾರ್, ಇಷ್ಟು ವರ್ಷ ಹೇಳ್ದೆ ಇರೋದು?"

ಹೇಗಿತ್ತು? ಮನೆಗೆ ಬಂದವರು ಫೋಟೋ ನೋಡುವಾಗ ನಾನು ಅವರ ಮುಖ ನೋಡ್ತಿದ್ದೆ. ಇವರಿಗೆ ಗೊತ್ತಾಯ್ತಾ, ಇವರಿಗೆ ಗೊತ್ತಾಯ್ತಾ ಅಂತ. ಹೊಗಳಿದವರನ್ನ ಒಬ್ಬರನ್ನೂ ನಂಬೋಕಾಗಲಿಲ್ಲ. ಅದನ್ನೇ ಹೇಳಿದೆ.

ನೆಲದ ಮೇಲಿದ್ದ ಗ್ಲೌಸ್ ಎತ್ತಿಕೊಂಡಳು. ಆಮೇಲೆ, "ಬರೀರಿ ಸಾರ್, ಇದ್ದದ್ದು. ಆದ್ರೆ ನಾನು ಆಡಿದ ಮ್ಯಾಲೆ ಬರೀರಿ. ಮೊದ್ಲು ನೋಡ್ಲಿ, ಆಮೇಲೆ ಓದ್ಲಿ."

ಒಪ್ಪಿಕೊಂಡೆ.

14 ಜನವರಿ

ಸಂಕ್ರಾಂತಿ. ಬೃಂದಾ ಊರಿಗೆ ಹೋಗಲಿಲ್ಲ. ಹೇಮಾವತಿ ಎಳ್ಳು ಬೆಲ್ಲ ಕೊಟ್ಟಳು, ಬೇಕಂತಲೇ ಬಲಗಡೆಯಿಂದ. ನಾನು ಹೇಳಿಲ್ಲ, ತಾನೇ ಗಮನಿಸಿದ್ದಾಳೆ. ಇವಳ ಕಣ್ಣಿಂದ ಏನೂ ತಪ್ಪಿಸೋಕಾಗಲ್ಲ, ನನ್ನ ಫೋಟೋ ಒಂದು ಬಿಟ್ಟು.

ಕನ್ನಡಕ ಬಂದಿದೆ. ಹಾಕಿಕೊಂಡು ಕನ್ನಡಿ ನೋಡಿ, "ವೆಲ್ಡಿಂಗ್ ಅಂಗಡಿಯವ್ಳಂಗೆ ಇದೀನಿ" ಅಂದಳು. ಹೇಮಾವತಿ ನಕ್ಕಳು. ನಾನೂ.

ಸಂಜೆ ಗ್ರೌಂಡ್. ಗೆರೆ ಎಳೆಯಲಿಲ್ಲ. ನೀನು ನಿಲ್ಲೋ ಕಡೆ ನಿಲ್ಲು ಅಂದೆ.

ಬಿಟ್ಟದ್ದು: ಇಪ್ಪತ್ತಕ್ಕೆ ಒಂದು. ಬಲಮೂಲೆ. ಯಾರೂ ಹಿಡಿಯೋಕಾಗದ್ದು.

19 ಜನವರಿ, ಮಧ್ಯಾಹ್ನ 1.15, ಚಿತ್ರದುರ್ಗ ಸ್ಟೇಡಿಯಂ

ಐದು ಕೀಪರ್‌ಗಳು. ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಬೃಂದಾ ನಾಲ್ಕನೆಯವಳು. ಫಾರಂ ನನ್ನ ಜೇಬಿನಲ್ಲಿದೆ, ಏಳನೇ ಸಾಲು ಹಾಗೇ. ಸೆಲೆಕ್ಟರುಗಳಲ್ಲಿ ಮೋಹನ್‌ಕುಮಾರ್ ಇದ್ದಾನೆ. ತ್ರಿಶೂರಿನಲ್ಲಿ ನನ್ನ ಮುಂದೆ ಬ್ಯಾಕ್ ಆಡಿದವನು. ಹೊಟ್ಟೆ ಬಂದಿದೆ.

ಗಾಳಿ ಬಹಳ.

ಅದೇ ದಿನ, 4.40

ನಲವತ್ತು ನಿಮಿಷ. ಹನ್ನೊಂದು ಹೊಡೆತ. ಎರಡು ಒಬ್ಬರಿಗೊಬ್ಬರು ಎದುರಾಗಿ, ಬೂಟಿನ ಬುಡಕ್ಕೇ ಬಿದ್ದು ಹಿಡಿದಳು. ಒಂದು ಸಲ ಬೂಟು ಕನ್ನಡಕಕ್ಕೆ ತಾಗಿ ಜಾರಿತು. ನಾನು ಎದ್ದು ನಿಂತಿದ್ದೆ. ಅವಳು ಪಟ್ಟಿ ಸರಿ ಮಾಡಿಕೊಂಡು ಚೆಂಡು ಒದ್ದಳು.

ಬಿಟ್ಟದ್ದು:

ಮೋಹನ್‌ಕುಮಾರ್ ಬಂದು ಹೆಗಲ ಮೇಲೆ ಕೈ ಹಾಕಿದ. "ಎಲ್ಲಿ ಹಿಡ್ಕಂಡ್ ಬಂದ್ಯೋ ಇವಳನ್ನ? ಯಾಕಂಗೆ ಎಡಕ್ಕೆ ನಿಂತ್ಕತಾಳೆ?" ಪಕ್ಕಕ್ಕೆ ಕರೆದು ಹೇಳಿದೆ. ಅವನ ಮುಖ ಇಳಿಯಿತು. ಸುತ್ತ ನೋಡಿ ತಗ್ಗಿದ ಧ್ವನಿಯಲ್ಲಿ, "ನಂಗೆ ಹೇಳ್ಲಿಲ್ಲ ಅಂದ್ಕ. ಟಿಕ್ ಹಾಕಿ ಕೊಡು. ಬರೆದ್ರೆ ಕಮಿಟಿ ಬಿಡಲ್ಲ ಕಣೋ. ಅಷ್ಟು ಚೆನ್ನಾಗಿ ಆಡವ್ಳೆ, ಯಾಕೆ ಹಾಳ್ ಮಾಡ್ತೀಯ?"

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಪೆನ್ನು ತೆಗೆದೆ. ದೂರದಲ್ಲಿ ಬೃಂದಾ ಬೂಟಿನ ದಾರ ಬಿಚ್ಚುತ್ತಾ ನನ್ನ ಕಡೆಯೇ ನೋಡುತ್ತಿದ್ದಳು. ಬರೀರಿ ಅಂದವಳು, ಬರೀಬೇಡಿ ಅನ್ನೋ ಹಾಗೆ ನೋಡುತ್ತಿದ್ದಳು. ಎರಡು ನಿಮಿಷ ಹಾಗೇ ನಿಂತಿದ್ದೆ. ಹೌದು ಅಂತ ಟಿಕ್ ಹಾಕೋದು ಅಷ್ಟು ಸುಲಭ ಇತ್ತು. ಕೈ ಆ ಚೌಕದ ಮೇಲೆ ಹೋಗಿತ್ತು ಕೂಡ.

"ಇಲ್ಲ" ಅಂತ ಟಿಕ್ ಹಾಕಿದೆ. ಕೆಳಗೆ ಬರೆದೆ: ಎಡಗಣ್ಣು ಕಾಣುವುದಿಲ್ಲ. ರಕ್ಷಣಾ ಕನ್ನಡಕ ಹಾಕಿ ಆಡುತ್ತಾಳೆ. ಇವತ್ತು ಆಡಿದ್ದನ್ನು ನೀವೇ ನೋಡಿದ್ದೀರಿ. ಸೈನ್.

19 ಜನವರಿ, ರಾತ್ರಿ 8, ಬಸ್ಸಿನಲ್ಲಿ

ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಹನ್ನೆರಡು ಅಡಿ ಫ್ಲೆಕ್ಸಿನಲ್ಲಿ ನನ್ನ ಮುಚ್ಚಿದ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಆದರೂ ಯಾರೂ ನೋಡಲಿಲ್ಲ. ನಿರೂಪಕ ಮೈಕ್ ಕೊಟ್ಟು, "ಸಾರ್, ಆ ಪೆನಾಲ್ಟಿ ಹೇಗೆ ಹಿಡಿದ್ರಿ?"

ಹೇಳಿದೆ. ಕಣ್ಣು ಮುಚ್ಚಿಕೊಂಡಿದ್ದೆ, ಏನೂ ಕಾಣಲಿಲ್ಲ, ಇಷ್ಟು ವರ್ಷ ಸುಳ್ಳು ಹೇಳಿದೆ.

ಸಭೆ ಗೊಳ್ಳೆಂದು ನಕ್ಕಿತು. ಚಪ್ಪಾಳೆ. "ನೋಡಿ, ದೊಡ್ಡವರ ವಿನಯ ಅಂದ್ರೆ ಇದು!" ಅಂದ ನಿರೂಪಕ. ಓಬಳೇಶಪ್ಪ ಕಣ್ಣೊರೆಸಿಕೊಂಡ. ಏನು ಹೇಳೋದು. ನಿಜ ಹೇಳಿದರೂ ಹಾರ ಬೀಳುತ್ತೆ ನನಗೆ. ಅವಳಿಗೆ?

ಕೊನೇ ಸಾಲಿನ ಎಡ ತುದಿಯ ಕುರ್ಚಿಯಲ್ಲಿ ಬೃಂದಾ ಕೂತಿದ್ದಳು. ನಗದೆ ಇದ್ದವಳು ಅವಳೊಬ್ಬಳೇ. ನಾನು ವೇದಿಕೆ ಇಳಿಯೋ ಹೊತ್ತಿಗೆ ಇರಲಿಲ್ಲ. ಮುಂಚಿನ ಬಸ್ಸಿಗೆ ಹೋದಳಂತೆ, ಕಾವ್ಯಶ್ರೀ ಹೇಳಿದಳು.

27 ಜನವರಿ

ಮೋಹನ್‌ಕುಮಾರ್ ಫೋನ್. ಕಮಿಟಿ ಈ ಸಲ ಬೇಡ ಅಂದಿದೆ. ಅವನು ವಾದ ಮಾಡಿದನಂತೆ. ಮುಂದಿನ ವರ್ಷ ತಜ್ಞರ ಸರ್ಟಿಫಿಕೇಟ್ ತಂದರೆ ನೋಡೋಣ ಅಂದರಂತೆ. "ನಾನ್ ಹೇಳಿದ್ದೆ" ಅಂದ.

ಬೃಂದಾಗೆ ಫೋನ್ ಮಾಡಿ ಹೇಳಿದೆ. "ಗೊತ್ತಿತ್ತು ಸಾರ್." ಇಟ್ಟಳು.

ಟ್ರಯಲ್ಸ್ ಆದಾಗಿಂದ ಗ್ರೌಂಡಿಗೆ ಬಂದಿಲ್ಲ.

31 ಜನವರಿ

ಬರಲಿಲ್ಲ. ಕಾವ್ಯಶ್ರೀಯನ್ನ ಗೋಲಿಗೆ ನಿಲ್ಲಿಸಿದೆ. ಅವಳು ನನ್ನ ಗೆರೆ ಮೇಲೆ ಅಚ್ಚುಕಟ್ಟಾಗಿ ನಿಂತಳು.

ಬಿಟ್ಟದ್ದು: ಇಪ್ಪತ್ತಕ್ಕೆ ಹದಿಮೂರು.

ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ. ಅವಳ ಕಣ್ಣು ಉಳಿಸೋಕೆ ಬರೆದೆನೋ, ನನ್ನ ಹಳೇ ಸುಳ್ಳು ತೊಳೆಯೋಕೆ ಅವಳ ಫಾರಂ ಬಳಸಿಕೊಂಡೆನೋ. ಎರಡನೆಯದು ಸ್ವಲ್ಪವಾದರೂ ಇತ್ತು. ಇತ್ತು ಅಂತ ಬರೆದಿಡುತ್ತೇನೆ.

3 ಫೆಬ್ರವರಿ

ಮೂರ್ತಪ್ಪನ ಫೋನ್. ಬೈಯುತ್ತಾನೆ ಅಂತ ಹೊರಗೆ ಹೋಗಿ ಎತ್ತಿದೆ.

"ಬರೆದ್ರಂತಲ್ಲ ಸಾರ್."

"ಬರೆದೆ ಮೂರ್ತಪ್ಪ."

"ಊರಾಗೆ ಎಲ್ರಿಗೂ ಗೊತ್ತಾಗೈತೆ. ಹೋಟ್ಲಾಗೆ ಕೇಳಿದ್ರು. ಒಂದು ಕಣ್ಣಾಗೆ ಅಷ್ಟೆಲ್ಲ ಹಿಡೀತಾಳಾ ಅಂತ ಕೇಳಿದ್ರು ಸಾರ್. ಹ್ಞೂಂ ಅಂದೆ."

ಬೃಂದಾ ಏನಂತಾಳೆ ಅಂತ ಕೇಳಿದೆ. "ಹಾಸ್ಟೆಲ್‌ನಿಂದ ಊರಿಗೆ ಬಂದಾಳೆ. ಗೋಡೆಗೆ ಚೆಂಡು ಒದೀತಾ ಇರ್ತಾಳೆ. ನಾನು ಹೊಸದಾಗಿ ಗಿಲಾವು ಮಾಡಿದ ಗೋಡೆ."

8 ಫೆಬ್ರವರಿ, ಬೆಳಿಗ್ಗೆ 7.40

ಆರು ಗಂಟೆಗೆ ಗ್ರೌಂಡಿಗೆ ಹೋದೆ. ಹೊಸ ಬಲೆ ಕಟ್ಟಿದ್ದಾರೆ, ಓಬಳೇಶಪ್ಪ ಮಾತು ಉಳಿಸಿಕೊಂಡ. ಹಿಮ್ಮಡಿ ಊರಿ ಗೆರೆ ಎಳೆಯೋಕೆ ಹೋದರೆ ಗೆರೆ ಆಗಲೇ ಇತ್ತು. ನನ್ನದಲ್ಲ. ನಡುವಿಂದ ಅರ್ಧ ಹೆಜ್ಜೆ ಎಡಕ್ಕೆ. ಆಳವಾಗಿ, ಎರಡು ಮೂರು ಸಲ ಎಳೆದದ್ದು.

ಬೃಂದಾ ಕಂಬಕ್ಕೆ ಒರಗಿ ಗ್ಲೌಸ್ ಹಾಕಿಕೊಳ್ಳುತ್ತಿದ್ದಳು.

"ಸಿಟ್ಟು ಹೋಯ್ತೇನೆ?"

"ಇಲ್ಲ ಸಾರ್."

"ಮತ್ತೆ ಯಾಕೆ ಬಂದೆ?"

"ಮುಂದಿನ ವರ್ಷ ಅದೇ ಫಾರಂ ಬರ್ತೈತಲ್ಲ. ಏಳನೇ ಸಾಲು ಓದಿದ ಮ್ಯಾಲೂ ಬ್ಯಾಡ ಅನ್ನಂಗಿರ್ಬಾರದು ಅವರು. ಹಂಗೆ ಆಡ್ಬೇಕು." ಕನ್ನಡಕದ ಪಟ್ಟಿ ಬಿಗಿ ಮಾಡಿಕೊಂಡು ತನ್ನ ಗೆರೆ ಮೇಲೆ ನಿಂತಳು. "ಎಲ್ಲಾ ಎಡಕ್ಕೇ ಹೊಡೀರಿ."

ಮಂಡಿ ನೋವು, ಐದೇ ಹೊಡೀತೀನಿ ಅಂದೆ. ಚೆಂಡು ಸಾಲಾಗಿ ಇಟ್ಟೆ. ಮೆಲ್ಲಗೆ ಹೊಡೆಯೋಣ ಅನ್ನಿಸಿತ್ತು. "ಸದ್ದು ಬರಂಗೆ ಹೊಡೀರಿ ಸಾರ್, ಕರುಣೆ ತೋರಿಸ್ಬ್ಯಾಡ್ರಿ" ಅಂದಳು. ತೋರಿಸಲಿಲ್ಲ. ಐದನ್ನೂ ಎಡಕ್ಕೇ ಹೊಡೆದೆ, ಕಾಲಲ್ಲಿ ಇದ್ದ ಬಲವೆಲ್ಲ ಹಾಕಿ. ಕೊನೇದು ನೆಲಕ್ಕಂಟಿ, ಕಂಬದ ಪಕ್ಕಕ್ಕೆ.

ಬಿಟ್ಟದ್ದು: